ಪಿತೃಗಳ ಸಮಾಧಿಯೂ ಧರ್ಮಸಭೆಯ ತಕ್ಕಡಿಯೂ

ಚೀನೀಯರ ಪಿತೃವಂದನೆಯನ್ನು ಕುರಿತ ವಿವಾದವನ್ನು ನಮ್ಮ ಗುರುಮಠಗಳಲ್ಲಿ ಮುಗಿದುಹೋದ ಕಥೆಯಂತೆ ಬೋಧಿಸುವುದುಂಟು. ಯೇಸುಸಭೆಯ ಮತ್ತೆಯೊ ರಿಚ್ಚಿಯವರು ಅದನ್ನು ಸಹಿಸಿದರು. ದೊಮಿನಿಕ್ ಸಭೆಯವರು ಆಕ್ಷೇಪಿಸಿದರು. 1742ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಕಡೆಯದಾಗಿ ನಿಷೇಧಿಸಿದರು. 1939ರ ಡಿಸೆಂಬರ್ 8ರಂದು ರೋಮ್ ಆ ನಿಷೇಧವನ್ನು ಸಡಿಲಿಸಿತು. ಶಿಸ್ತಿನ ಪ್ರಶ್ನೆ ಅಲ್ಲಿಗೆ ತೀರಿತು, ನಿಜ. ದೈವಶಾಸ್ತ್ರದ ಪ್ರಶ್ನೆಯನ್ನಾದರೋ ಯಾರೂ ಸರಿಯಾಗಿ ಕೇಳಲಿಲ್ಲವೆಂಬುದು ಈ ಲೇಖನದ ವಾದ.

ಏಪ್ರಿಲ್ ಮೊದಲ ವಾರದಲ್ಲಿ ಬರುವ ಛಿಂಗ್‌ಮಿಂಗ್ ದಿನದಂದು ಚೀನೀ ಕುಟುಂಬಗಳು ಹಿರಿಯರ ಸಮಾಧಿಗೆ ಹೋಗುತ್ತವೆ. ಕಳೆ ಕಿತ್ತು, ಗುಡಿಸಿ, ಅನ್ನಪಾನಗಳನ್ನಿಟ್ಟು, ಧೂಪ ಹಚ್ಚಿ, ಕಾಗದದ ಹಣವನ್ನು ಸುಟ್ಟು ನಮಸ್ಕರಿಸುತ್ತವೆ. ಮನೆಯಲ್ಲಿ ಪೂರ್ವಜರ ಹೆಸರು ಹೊತ್ತ ಮರದ ಫಲಕವಿರುತ್ತದೆ. ಅದರ ಮೇಲೆ ಆತ್ಮದ ಪೀಠವೆಂಬರ್ಥದ ಅಕ್ಷರಗಳಿರುವುದೇ ವಿವಾದದ ಮುಖ್ಯ ಕಾರಣಗಳಲ್ಲೊಂದಾಯಿತು.

ಈ ಆಚರಣೆಯ ಅರ್ಥವೇನು? ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಚಿಂತಕ ಶುನ್‌ಜಿ ಇದಕ್ಕೆ ಎರಡು ಅರ್ಥಗಳನ್ನು ಗುರುತಿಸಿದ್ದನು: ಸಜ್ಜನರು ಇದನ್ನು ಮನುಷ್ಯಧರ್ಮವೆಂದು ತಿಳಿಯುತ್ತಾರೆ, ಜನಸಾಮಾನ್ಯರು ಪ್ರೇತಗಳ ಸೇವೆಯೆಂದು. ರಿಚ್ಚಿಯವರು ಹೆಚ್ಚಾಗಿ ಒಡನಾಡಿದ್ದು ವಿದ್ವಾಂಸ ಅಧಿಕಾರಿಗಳೊಡನೆ. ದೊಮಿನಿಕ್ ಸಭೆಯ ಮೊರಾಲೆಸರು ಕಂಡದ್ದು ಫುಜಿಯಾನ್ ಪ್ರಾಂತದ ಸಾಮಾನ್ಯ ಜನರ ಆಚರಣೆಯನ್ನು. ಇಬ್ಬರೂ ತಾವು ಕಂಡದ್ದಕ್ಕೇ ಸಾಕ್ಷಿ ನುಡಿದರು. ಹಾಗಾಗಿಯೇ 1645ರಲ್ಲಿ ಮೊರಾಲೆಸರ ವರದಿಯ ಮೇಲೆ ನಿಷೇಧವೂ, 1656ರಲ್ಲಿ ಯೇಸುಸಭೆಯ ಮಾರ್ಟಿನಿಯವರ ವರದಿಯ ಮೇಲೆ ಅನುಮತಿಯೂ ಒಂದೇ ರೋಮಿನಿಂದ ಹೊರಟವು.

ಎರಡು ಪಕ್ಷಗಳೂ ಬಳಸಿದ ತಕ್ಕಡಿ ಒಂದೇ: ಇದು ನಾಗರಿಕ ಗೌರವವೋ, ಧಾರ್ಮಿಕ ಆರಾಧನೆಯೋ? 1939ರ ಆದೇಶವೂ ಆ ತಕ್ಕಡಿಯನ್ನು ಬಿಡಲಿಲ್ಲ. ಮೃತರ ಮುಂದೆ, ಬರಿಯ ಹೆಸರುಳ್ಳ ಫಲಕದ ಮುಂದೆ, ತಲೆಬಾಗುವುದು ನಾಗರಿಕ ಗೌರವವಾದ್ದರಿಂದ ಸಲ್ಲುತ್ತದೆ ಎಂದಿತು. ಈ ತಕ್ಕಡಿ ಚೀನಾದ್ದಲ್ಲ; ಅಲ್ಲಿನ ‘ಲಿ’ ಎಂಬ ಪರಿಕಲ್ಪನೆಯಲ್ಲಿ ಶಿಷ್ಟಾಚಾರ, ಶೋಕ, ಬಲಿ ಒಟ್ಟಿಗೇ ಇವೆ. ಹೆಚ್ಚು ಗಂಭೀರವಾದ ಮಾತೆಂದರೆ, ಅದು ನಮ್ಮದೂ ಅಲ್ಲ. ಕ್ರೈಸ್ತನು ಸಮಾಧಿಯ ಬಳಿ ಬರಿಯ ನಾಗರಿಕನಾಗಿ ನಿಲ್ಲುವುದೇ ಇಲ್ಲ. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಯೂದನು ಮೃತರಿಗಾಗಿ ಬಲಿಯರ್ಪಣೆಗೆ ಏರ್ಪಾಡು ಮಾಡುತ್ತಾನೆ. ದ್ವಿತೀಯ ವ್ಯಾಟಿಕನ್ ಮಹಾಸಭೆ ಬದುಕಿರುವವರ ಮತ್ತು ಮೃತರ ಅನ್ಯೋನ್ಯತೆಯನ್ನು ಪುನಃ ಸಾರುತ್ತದೆ. ಹಾಗಿರುವಾಗ, ನಾಗರಿಕನಾಗಿ ತಲೆಬಾಗಿದರೆ ಸಾಕೆಂದು ಚೀನೀ ಕ್ರೈಸ್ತನಿಗೆ ಹೇಳುವುದು ಅವನ ಪರಂಪರೆಗೂ ಧರ್ಮಸಭೆಯ ವಿಶ್ವಾಸಕ್ಕೂ ಕಡಿಮೆಯಾದುದನ್ನು ಕೊಟ್ಟಂತೆ. ರಿಚ್ಚಿಯವರೇ ಅಷ್ಟಕ್ಕೆ ತೃಪ್ತರಾಗಿರಲಿಲ್ಲ: ಕ್ರೈಸ್ತರಾದವರು ಆ ಅನ್ನದ ಬದಲು ಮೃತರ ಆತ್ಮಗಳಿಗಾಗಿ ಬಡವರಿಗೆ ದಾನ ಮಾಡುವುದು ಉತ್ತಮವೆಂದು ಬರೆದರು. 1971ರಲ್ಲಿ ತೈವಾನಿನಲ್ಲಿ ಕಾರ್ಡಿನಲ್ ಯೂ ಬಿನ್ ಅವರು ಹೊಸವರ್ಷದ ಪಿತೃವಂದನೆಯನ್ನು ಬಹಿರಂಗವಾಗಿ ನಡೆಸಿದಾಗ, ಆಚರಣೆ ಆದೇಶದ ತರ್ಕವನ್ನು ದಾಟಿ ನಡೆದಿತ್ತು.

ಹಾಗಾದರೆ ಮೂಢನಂಬಿಕೆಗೆ ಬಾಗಿಲು ತೆರೆದಂತಾಗದೇ? ಆಕ್ಷೇಪ ಹಗುರವಾದುದಲ್ಲ. ಸಂತಾನವಿಲ್ಲದೆ ಸತ್ತವರು ಹಸಿದ ಪ್ರೇತಗಳಾಗಿ ಅಲೆಯುವರೆಂಬ ಭಯ, ಸಮಾಧಿಯ ದಿಕ್ಕಿನಿಂದ ವಂಶಕ್ಕೆ ಭಾಗ್ಯ ಬರುವುದೆಂಬ ಲೆಕ್ಕಾಚಾರ, ಇವನ್ನು ಶುಭಸಂದೇಶ ಒಪ್ಪಲಾರದು. ಆದರೆ ನಾಗರಿಕವೆಂಬ ಹಣೆಪಟ್ಟಿ ಆ ಭಯವನ್ನು ಮುಟ್ಟುವುದೇ ಇಲ್ಲ. ಅದನ್ನು ಮುಟ್ಟಬಲ್ಲದ್ದು ಬಲಿಪೂಜೆ. ಅಲ್ಲಿ ನಾವು ನಮ್ಮ ವಂಶದವರನ್ನಷ್ಟೇ ಅಲ್ಲ, ದೇವರೊಬ್ಬರೇ ಬಲ್ಲ ಸಕಲ ಮೃತರನ್ನೂ ನೆನೆಯುತ್ತೇವೆ. ಮಕ್ಕಳಿಲ್ಲದವನಿಗೂ ಅಲ್ಲಿ ಪಾಲುಂಟು.

ಈ ಚರಿತ್ರೆ ನಮಗೆ ದೂರದ್ದಲ್ಲ. ಚೀನಾಕ್ಕೆ ಹೊರಟಿದ್ದ ಜಗದ್ಗುರುಗಳ ಪ್ರತಿನಿಧಿ ತೂರ್ನೊನ್ 1704ರಲ್ಲಿ ಪುದುಚೇರಿಯಲ್ಲಿ ತಂಗಿ, ದಕ್ಷಿಣ ಭಾರತದ ಆಚಾರಗಳ ವಿರುದ್ಧ ಆದೇಶ ಹೊರಡಿಸಿದರು. 1744ರ ಜಗದ್ಗುರುಗಳ ತೀರ್ಪು ಮೈಸೂರು ಧರ್ಮಪ್ರಚಾರ ಕ್ಷೇತ್ರಕ್ಕೂ ಅನ್ವಯಿಸಿತು. ನವೆಂಬರ್ 2ರಂದು ನಮ್ಮ ಜನ ಹೂವು, ಮೇಣದಬತ್ತಿ ಹಿಡಿದು ಸಮಾಧಿಗಳಿಗೆ ಬರುವಾಗ, ಇದು ಬರಿಯ ಸಂಪ್ರದಾಯವೋ ಧರ್ಮವೋ ಎಂದು ಅಳೆಯುವುದಕ್ಕಿಂತ ಬೇರೆರಡು ಪ್ರಶ್ನೆ ಗುರುಗಳಾದ ನಮ್ಮ ಮುಂದಿರಲಿ: ಈ ಮೃತರನ್ನು ಯಾರ ಕೈಗೆ ಒಪ್ಪಿಸಲಾಗುತ್ತಿದೆ? ಯಾರೂ ಬಾರದ ಪಕ್ಕದ ಸಮಾಧಿಗಾಗಿ ಪ್ರಾರ್ಥಿಸುವವರು ಯಾರು?