ತೊಗಲಿನ ನೋಟು

ಅಲಾಸ್ಕ ರಷ್ಯದ ಕೈಯಲ್ಲಿದ್ದಾಗ ಅಲ್ಲಿನ ತುಪ್ಪಳ ವ್ಯಾಪಾರವೆಲ್ಲ ರಷ್ಯನ್-ಅಮೆರಿಕನ್ ಕಂಪನಿಯ ಹಿಡಿತದಲ್ಲಿತ್ತು. 1816ರಿಂದ ಅದು ತನ್ನದೇ ನೋಟುಗಳನ್ನು ಹೊರಡಿಸಿತು. ಕಾಗದದ ಬದಲು ಬಳಸಿದ್ದು ವಾಲ್ರಸ್ ಎಂಬ ಕಡಲಪ್ರಾಣಿಯ ಹದಮಾಡಿದ ತೊಗಲು. ಆ ತೇವದ ಸೀಮೆಯಲ್ಲಿ, ಬೇಟೆಗಾರರ ಒರಟು ಕೈಗಳಲ್ಲಿ ಕಾಗದ ಎಷ್ಟು ದಿನ ಬಾಳೀತು? 10 ಕೊಪೆಕ್‌ನಿಂದ 25 ರೂಬಲ್‌ವರೆಗೆ ಮುಖಬೆಲೆ, ಜೊತೆಗೆ ಕಂಪನಿಯ ಮುದ್ರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಜಾಣ್ಮೆ: ಚಿಲ್ಲರೆ ನೋಟುಗಳಲ್ಲಿ ಕೆಲವಕ್ಕೆ ಮೂಲೆ ಕತ್ತರಿಸಿದ್ದರು, ಕೆಲವಕ್ಕೆ ತೂತು ಕೊರೆದಿದ್ದರು. ಓದು ಬಾರದವನೂ ನೋಡಿದೊಡನೆ ಬೆಲೆ ಗುರುತಿಸಬಹುದಿತ್ತು.

1867ರಲ್ಲಿ ಅಲಾಸ್ಕ ಅಮೆರಿಕಕ್ಕೆ ಮಾರಾಟವಾಯಿತು. ಈ ಹಣದ ಕಾಲವೂ ಮುಗಿಯಿತು. ಅಳಿದುಳಿದ ಕೆಲವೇ ಚೂರುಗಳಿಗೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಬಳಸುವವನ ಕಷ್ಟ ಅರಿತು ಮಾಡಿದ ಹಣಕ್ಕೆ ಆ ಮರ್ಯಾದೆ ಸಲ್ಲಲೇಬೇಕು.