ಇಂಗ್ಲಿಷ್ ಸಮಾಸಪದಗಳಲ್ಲಿ ಅಕ್ಷರವಿಭಾಗವೂ ಸ್ವರಾಘಾತವೂ

ಇಂಗ್ಲಿಷ್ ಶಬ್ದಗಳ ಉಚ್ಚಾರಣೆಯನ್ನು ನಮ್ಮ ಲಘುಗುರುಗಳಿಂದ ಅಳೆದು ಬೋಧಿಸುವುದುಂಟು. ಈ ಲೇಖಕನೂ ಬಹುಕಾಲ ಹಾಗೆಯೇ ಮಾಡುತ್ತಿದ್ದನು. ಅಕ್ಷರಗಳನ್ನೆಣಿಸುವ ಮಟ್ಟಿಗೆ ಇದು ಸಾಧುವೇ. ಸಮಾಸಪದಗಳ ವಿಷಯದಲ್ಲಿಯಾದರೋ ಅರ್ಥಹಾನಿಗೆ ಎಡೆಗೊಡುವುದು.

‘ಬ್ಲ್ಯಾಕ್‌ಬರ್ಡ್’ ಎಂಬುದನ್ನು ನೋಡೋಣ. ಇದನ್ನು ಕೂಡಿಸಿ ನುಡಿದರೂ ಬಿಡಿಸಿ ನುಡಿದರೂ ಅಕ್ಷರಗಳು ಎರಡೇ. ಪ್ರಸ್ತಾರ ಹಾಕಿದರೆ ಎರಡೆಡೆಯೂ ಎರಡು ಗುರುಗಳೇ. ಆದರೆ ಸಮಾಸದಲ್ಲಿ ಆಘಾತವು ಪೂರ್ವಪದದ ಮೇಲೆ. ಬಿಡಿಪದಗಳಲ್ಲಿ ಸಾಮಾನ್ಯವಾಗಿ ಉತ್ತರಪದದ ಮೇಲೆ. ಮೊದಲನೆಯದು ಒಂದು ಪಕ್ಷಿಜಾತಿಯ ಹೆಸರು. ಎರಡನೆಯದು ಕಪ್ಪಾದ ಯಾವ ಹಕ್ಕಿಗಾದರೂ ಸಲ್ಲುವುದು. ಆ ಜಾತಿಯ ಹೆಣ್ಣುಹಕ್ಕಿಯ ಬಣ್ಣ ಕಂದು. ಆದರೂ ಅದಕ್ಕೆ ಅದೇ ಹೆಸರು. ನಮ್ಮ ವೈಯಾಕರಣರು ನಿತ್ಯಸಮಾಸಕ್ಕೆ ಹೇಳುವ ‘ಕೃಷ್ಣಸರ್ಪ’ವೂ ಇಂಥದೇ: ‘ಕಪ್ಪಾದ ಹಾವು’ ಎಂದು ಬಿಡಿಸಿದರೆ ಜಾತಿಯ ಅರ್ಥವು ಬಾರದು.

ಅಕ್ಷರವಿಭಾಗದಲ್ಲಿಯೂ ಇದೇ ತೊಡಕು. ರಸಾಯನಶಾಸ್ತ್ರದ ‘ನೈಟ್ರೇಟ್’ ಎಂಬುದಕ್ಕೂ ರಾತ್ರಿಯ ದರವೆಂಬರ್ಥದ ‘ನೈಟ್‌ರೇಟ್’ ಎಂಬುದಕ್ಕೂ ವರ್ಣಗಳ ಕ್ರಮವೊಂದೇ. ಮೊದಲನೆಯದರಲ್ಲಿ ಟಕಾರವು ರೇಫದೊಡನೆ ಬೆರೆತು ಎರಡನೆಯ ಅಕ್ಷರಕ್ಕೆ ಸೇರುವುದು. ಎರಡನೆಯದರಲ್ಲಿ ಮೊದಲ ಅಕ್ಷರದ ಕೊನೆಯಲ್ಲಿಯೇ ನಿಲ್ಲುವುದು. ಸಂಯೋಗದ ಮೊದಲ ವ್ಯಂಜನವು ಹಿಂದಿನ ಸ್ವರಕ್ಕೆ ಸೇರುವುದೆಂಬ ಪ್ರಾತಿಶಾಖ್ಯದ ನಿಯಮವೊಂದರಿಂದಲೇ ಇಲ್ಲಿ ನಿರ್ವಾಹವಾಗದು. ಪದಚ್ಛೇದವನ್ನು ಮೊದಲು ಅರಿಯಬೇಕು.

ಸ್ವರಭೇದದಿಂದ ಸಮಾಸಾರ್ಥವು ಬೇರೆಯಾಗುವುದು ನಮಗೆ ಹೊಸದಲ್ಲ. ‘ಇಂದ್ರಶತ್ರು’ವೆಂಬುದನ್ನು ಅಂತೋದಾತ್ತವಾಗಿ ನುಡಿಯಬೇಕಾದಲ್ಲಿ ಆದ್ಯುದಾತ್ತವಾಗಿ ನುಡಿದುದರಿಂದ ತತ್ಪುರುಷವು ಬಹುವ್ರೀಹಿಯಾಗಿ, ಇಂದ್ರನನ್ನು ಕೊಲ್ಲಬೇಕಾದ ವೃತ್ರನು ಇಂದ್ರನಿಂದಲೇ ಹತನಾದ ಕಥೆಯು ಪ್ರಸಿದ್ಧವಷ್ಟೆ. ಉದಾತ್ತವು ಧ್ವನಿಯ ಏರಿಕೆ, ಇಂಗ್ಲಿಷಿನ ಆಘಾತವು ಮುಖ್ಯವಾಗಿ ಉಚ್ಚಾರಣೆಯ ಬಲ. ಆದುದರಿಂದ ಎರಡೂ ಒಂದೇ ಎನ್ನಲಾಗದು. ಆದರೂ ಅರ್ಥನಿರ್ಣಯದಲ್ಲಿ ಅವುಗಳ ಕಾರ್ಯವು ಸದೃಶವಾಗಿದೆ.

ಪೂರ್ವಪದಾಘಾತವು ನಿರಪವಾದವೆಂದು ಭ್ರಮಿಸಬಾರದು. ‘ಆ್ಯಪಲ್ ಕೇಕ್’ ಎಂಬಲ್ಲಿ ಅದು ಪೂರ್ವಪದಕ್ಕೆ; ‘ಆ್ಯಪಲ್ ಪೈ’ ಎಂಬಲ್ಲಿ ಉತ್ತರಪದಕ್ಕೆ. ಇಂತಹವುಗಳಿಗೆ ಪ್ರಯೋಗವೇ ಪ್ರಮಾಣ. ಇನ್ನು ‘ಪೋಸ್ಟ್‌ಮನ್’ ಎಂಬಲ್ಲಿ ಆಘಾತವಿಲ್ಲದ ಉತ್ತರಪದದ ಸ್ವರವು ಕ್ಷೀಣಿಸಿದೆ; ‘ಕಬರ್ಡ್’ ಎಂಬಲ್ಲಿ ಪೂರ್ವಪದದ ಪಕಾರವೇ ಉಚ್ಚಾರಣೆಯಲ್ಲಿ ಲೋಪವಾಗಿ ಬರಹದಲ್ಲಿ ಮಾತ್ರ ಉಳಿದಿದೆ.

ಆದಕಾರಣ ಇಂಗ್ಲಿಷ್ ಸಮಾಸಗಳನ್ನು ಬೋಧಿಸುವವರು ಮೊದಲು ಪದಚ್ಛೇದವನ್ನೂ, ಅನಂತರ ಅಕ್ಷರವಿಭಾಗವನ್ನೂ, ಕಡೆಗೆ ಆಘಾತಸ್ಥಾನವನ್ನೂ ತೋರಿಸುವುದು ಯುಕ್ತ. ಕನ್ನಡ ಲಿಪಿಯಲ್ಲಿ ಉಚ್ಚಾರಣೆಯನ್ನು ಕೊಡುವ ಕೋಶಗಳಲ್ಲಿ ಆಘಾತಾಕ್ಷರದ ಮುನ್ನ ಒಂದು ಗೆರೆಯನ್ನಿಟ್ಟರೂ ಸಾಕು. ಲಘುಗುರುಗಳು ಕಾಲವನ್ನು ಅಳೆಯುವುವು, ಬಲವನ್ನು ಅಳೆಯಲಾರವು.