ಅಪರಾಧಿಗಳಿಲ್ಲದ ಅಪರಾಧ

ದಾಸ್ತೋವ್‌ಸ್ಕಿಯ ರಾಸ್ಕೋಲ್ನಿಕೋವ್, ಬಲವಾದ ಸಾಕ್ಷ್ಯವಿಲ್ಲದಿದ್ದರೂ, ತಾನಾಗಿ ಠಾಣೆಗೆ ಹೋಗಿ ಕೊಲೆಯನ್ನು ಒಪ್ಪಿಕೊಳ್ಳುತ್ತಾನೆ. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟು ಕೊಲ್ಲಲಾಯಿತು. ಒಪ್ಪಿಕೊಳ್ಳಲು ಯಾರೂ ಬರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕಾನೂನು ಬಲು ಚುರುಕು. ಕಳುವಾದ ಕಡಲೆಕಾಯಿಗಾಗಿ ಪೊಲೀಸರು ಸಾಕವ್ವನ ಮನೆಯನ್ನು ಜಾಲಾಡುತ್ತಾರೆ. ರಾತ್ರಿ ಕುಳಿತು ಅದನ್ನು ತಿಂದು ಮುಗಿಸಿದ ಮನೆಮಂದಿಗೆ ಪಾಪಪ್ರಜ್ಞೆಯಿಲ್ಲ, ಹಸಿವು ನೀಗಿದ ಸಂಭ್ರಮವಿದೆ. ಓದುಗ ಅವರ ಪರವಾಗಿಯೇ ನಿಲ್ಲುತ್ತಾನೆ. ಮಹಾದೇವ ಕಳ್ಳತನಕ್ಕೆ ವಕಾಲತ್ತು ವಹಿಸುವುದಿಲ್ಲ. ಯಾರ ಮನೆಯನ್ನು ಶೋಧಿಸಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮೆದುರು ಇಡುತ್ತಾರೆ. ಕಡಲೆಕಾಯಿಗೆ ಕಳ್ಳರನ್ನು ಹುಡುಕಿದ ವ್ಯವಸ್ಥೆಗೆ ಏಳು ಜೀವಗಳ ಕೊಲೆಗಾರರು ಸಿಗಲಿಲ್ಲ. ಆ ಪಾಪಪ್ರಜ್ಞೆಯನ್ನು ಈಗ ಹೊರಬೇಕಾದವರು ಯಾರು?